ಗುಬ್ಬಿಯ ಗ್ಲಾಂಡ್ ಹಗ್ಗ, ಮಂಗಳೂರಿನ ಬೋಟು

ತುಮಕೂರು ಸೀಮೆಯ ನಮಗೆ ನೀರೆಂದರೆ ಕೆರೆ, ಬಾವಿ, ಬೋರ್‌ವೆಲ್, ಇಲ್ಲವೇ ಗೊರೂರಿನಿಂದ ನಾಲೆ ಹಿಡಿದು ಬರುವ ಹೇಮಾವತಿ. ಡೀಸೆಲ್ ಎಂಜಿನ್ನಿನ ಜಾಗ ಬಾವಿಯ ದಡ. ಅದೇ ಎಂಜಿನ್ನು ನೀರಿನ ಮೇಲೆ ಕೂತು ಕಡಲು ಸೀಳಿಕೊಂಡು ಹೋಗುವುದನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ನನಗಿಂತ ನಮ್ಮ ಚಿಕ್ಕಪ್ಪನಿಗೆ ಹೆಚ್ಚು. ಗುಬ್ಬಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಲೇ ತಲೆ ಹಣ್ಣಾದವರು ಅವರು. ಜುಲೈ ತಿಂಗಳು ನೋಡಿ ಹೊರಟೆವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಹತ್ತುವ, ಎಂಜಿನ್ನುಗಳು ಬಿಚ್ಚಿಕೊಳ್ಳುವ ಕಾಲ ಅದೇ.

ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್. ಕುಣಿಗಲ್ಲಿನಲ್ಲಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಮಂಗಳೂರಿಗೆ ದಾರಿ ಕೇಳಬೇಕಿಲ್ಲ. ಆದರೆ ಯಡಿಯೂರಿನ ಹತ್ತಿರ ಚಿಕ್ಕಪ್ಪ ತಡೆದರು: “ಮಾರ್ಕೋನಹಳ್ಳಿ ನೋಡ್ಕಂಡೇ ಹೋಗಾನ ಕಣಪ್ಪ.” ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಗೆ ಕಟ್ಟಿದ ಅಣೆಕಟ್ಟು ಅದು. ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಹೆಸರಿನ ಸುರುಳಿ ಸೈಫನ್ ಇಲ್ಲಿದೆ: ಒಂದು ಆಲಿಕೆ, ಅದರ ಮೇಲೊಂದು ಗುಮ್ಮಟ. ಜಲಾಶಯ ತುಂಬಿ ನೀರು ಆಲಿಕೆಯ ಅಂಚು ದಾಟಿದರೆ ಸುತ್ತುತ್ತ ಕೆಳಗಿಳಿಯುತ್ತದೆ. ಇಳಿಯುವಾಗ ಗುಮ್ಮಟದೊಳಗಿನ ಗಾಳಿಯನ್ನೂ ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದೊಡನೆ ಸೈಫನ್ ತಾನಾಗಿ ಹಿಡಿದು ಭೋರೆಂದು ಸುರಿಯುತ್ತದೆ. ಮಟ್ಟ ಇಳಿದಾಗ ಗಾಳಿ ಒಳಹೊಕ್ಕು ತಾನಾಗಿ ನಿಲ್ಲುತ್ತದೆ. ಗೇಟು ಎತ್ತುವವರು ಬೇಡ, ಇಳಿಸುವವರೂ ಬೇಡ! ಪಂಪಿನ ಫುಟ್‌ವಾಲ್ವ್ ಸೋರಿ ಗಾಳಿ ತಗೊಂಡಾಗಲೆಲ್ಲ ಬಿಂದಿಗೆಯಲ್ಲಿ ನೀರು ಹುಯ್ದು ಹುಯ್ದು ಸೋತ ಚಿಕ್ಕಪ್ಪ, ಗಾಳಿಯನ್ನೇ ಕೆಲಸಕ್ಕೆ ಹಚ್ಚಿದ ಆ ಬುದ್ಧಿಗೆ ನಿಂತಲ್ಲೇ ಕೈಮುಗಿದರು.

ಸಕಲೇಶಪುರ ದಾಟಿದರೆ ನೀರು ದಿಕ್ಕು ಬದಲಿಸುತ್ತದೆ. ಶಿಂಷೆ ಕಾವೇರಿ ಸೇರಿ ಮೂಡಣ ಕಡಲಿಗೆ ಹೋದರೆ, ಶಿರಾಡಿ ಘಾಟಿಯಲ್ಲಿ ರಸ್ತೆಯ ಜೊತೆಗೇ ಇಳಿಯುವ ಕೆಂಪುಹೊಳೆಯ ನೀರು ನೇತ್ರಾವತಿಯ ಪಾಲಾಗುತ್ತದೆ. ಮಳೆಯಲ್ಲಿ ನೆನೆಯುತ್ತಲೇ ಮಂಗಳೂರಿನ ಮೀನುಗಾರಿಕಾ ದಕ್ಕೆ ತಲುಪಿದೆವು.

ಅಬ್ಬಾ, ಎಷ್ಟು ಬೋಟು! ಒಂದಕ್ಕೊಂದು ಮೈ ತಾಗಿಸಿ ಸಾಲುಸಾಲು. ದಡಕ್ಕೆ ಎಳೆದ ಮರದ ಬೋಟೊಂದರ ಕೆಳಗೆ ಆಚಾರಿಯೊಬ್ಬರು ಕೂತು ಹಲಗೆಗಳ ಸಂದಿಗೆ ಹತ್ತಿಯ ಎಳೆ ಇಟ್ಟು ಮೊಂಡು ಉಳಿಯಿಂದ ತಟ್ಟುತ್ತಿದ್ದರು. ಬೋಟು ನೀರಿಗಿಳಿದ ಮೇಲೆ ಹತ್ತಿಯೂ ಉಬ್ಬುತ್ತದೆ, ಮರವೂ ಉಬ್ಬುತ್ತದೆ, ಸಂದಿ ತಾನೇ ಬಿಗಿಯುತ್ತದೆ. ಸೋರಿಕೆಯನ್ನು ನೀರೇ ಮುಚ್ಚುವುದು ಎಂದರೇನು! ಹಿಂಬದಿಯಲ್ಲಿ ಪ್ರೊಪೆಲ್ಲರಿನ ಹತ್ತಿರ ಸತುವಿನ ಗಟ್ಟಿಯೊಂದನ್ನು ಬೋಲ್ಟು ಹಾಕಿ ಕೂರಿಸಿದ್ದರು. ಉಪ್ಪುನೀರಿನಲ್ಲಿ ಮೊದಲು ಸವೆಯುವುದು ಆ ಸತು. ಅದು ಇರುವವರೆಗೆ ಪ್ರೊಪೆಲ್ಲರು, ಶಾಫ್ಟು ಉಳಿಯುತ್ತವೆ. ಕಳೆದ ಸಲದ ಗಟ್ಟಿ ಪಕ್ಕದಲ್ಲೇ ಬಿದ್ದಿತ್ತು. ಎತ್ತಿಕೊಂಡೆ. ಮೈಯೆಲ್ಲ ಗುಳಿ, ಅರ್ಧಕ್ಕರ್ಧ ಕಡಲಿಗೆ ಹೋಗಿದೆ.

ನೀರಿನಲ್ಲೇ ನಿಂತಿದ್ದ ಇನ್ನೊಂದು ಬೋಟಿನ ಎಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್ ಇದ್ದರು. ಚಿಕ್ಕಪ್ಪ ತಮ್ಮ ಕಸುಬು ಹೇಳಿಕೊಂಡದ್ದೇ ತಡ, “ಹಾಗಾದ್ರೆ ಒಳಗೇ ಬನ್ನಿ ಮಾರಾಯ್ರೆ” ಎಂದು ಕೈ ಹಿಡಿದು ಇಳಿಸಿಕೊಂಡರು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರು. ನೊರೆನೊರೆ ಬಂತು, ಗುಳ್ಳೆ ಬಂತು, ಆಮೇಲೆ ತಿಳಿಯಾದ ಎಣ್ಣೆ. ಸ್ಕ್ರೂ ಬಿಗಿ. “ಥೇಟ್ ನಮ್ದೇ!” ಎಂದರು ಚಿಕ್ಕಪ್ಪ. “ನಿಮ್ಮದು ಹೊಲದಲ್ಲಿ ನಿಲ್ತದೆ. ನಮ್ಮದು ನಡುಗಡಲಲ್ಲಿ ನಿಂತ್ರೆ ಗಾಳಿ ಎಳೆದತ್ತ ಹೋಗುವುದೇ” ಎಂದರು ಮೆಕ್ಯಾನಿಕ್. ಆ ಮಾತಿನಿಂದ ಆ ಪುಟ್ಟ ಸ್ಕ್ರೂವಿನ ತೂಕ ನನಗೆ ತಿಳಿಯಿತು.

ನಾವು ಬಂದದ್ದು ಇದಕ್ಕಾಗಿಯೇ ಎನ್ನಿಸಿದ್ದು ಶಾಫ್ಟಿನ ಹತ್ತಿರ ಕೂತಾಗ. ಎಂಜಿನ್ ಬೋಟಿನೊಳಗೆ, ಪ್ರೊಪೆಲ್ಲರ್ ನೀರಿನೊಳಗೆ. ನಡುವೆ ಉಕ್ಕಿನ ಶಾಫ್ಟು. ಅಂದರೆ ನೀರಿನ ಮಟ್ಟಕ್ಕಿಂತ ಕೆಳಗೆ ಬೋಟಿಗೆ ತಿಳಿದೂ ತಿಳಿದೂ ಒಂದು ತೂತು ಕೊರೆದಿದ್ದಾರೆ, ಅದರಲ್ಲಿ ಹಗಲಿರುಳು ತಿರುಗುವ ಸರಳು! ಕಡಲು ಒಳನುಗ್ಗದಂತೆ ಅಲ್ಲಿ ತಡೆದಿರುವುದು ಗ್ರೀಸು ಮೆತ್ತಿದ ಹೆಣೆದ ಹಗ್ಗ. ಗುಬ್ಬಿಯಲ್ಲಿ ಪಂಪಿನ ಶಾಫ್ಟು ಹೊರಬರುವ ಗ್ಲಾಂಡಿಗೆ ಚಿಕ್ಕಪ್ಪ ಹಾಕುವುದೂ ಇಂಥದೇ. ಪಕ್ಕದ ಬೋಟಿನಲ್ಲಿ ಹುಡುಗನೊಬ್ಬ ಹಳೆಯ ಹಗ್ಗವನ್ನು ಕೊಕ್ಕೆಯಿಂದ ಕಿತ್ತು, ಹೊಸದನ್ನು ಶಾಫ್ಟಿಗೆ ಸುತ್ತಿ, ಓರೆಯಾಗಿ ಕೊಯ್ದು, ಒಂದರ ಕೂಡು ಇನ್ನೊಂದರ ಕೂಡಿನ ಮೇಲೆ ಬಾರದಂತೆ ಬಳೆಬಳೆಯಾಗಿ ಕೂರಿಸುತ್ತಿದ್ದ.

“ಎಷ್ಟು ಹನಿ ಬಿಡ್ತೀರಿ?” ಚಿಕ್ಕಪ್ಪನ ಪ್ರಶ್ನೆ.

“ಓಡುವಾಗ ನಿಮಿಷಕ್ಕೆ ನಾಲ್ಕೈದು. ನಿಂತಾಗ ಹನಿಯೂ ನಿಲ್ಲಬೇಕು.”

ನಾನು ಬೆರಗಾದೆ. ಓಡುವಾಗ ಸೋರಿಕೆ ಪೂರ್ತಿ ನಿಂತರೆ ಕೆಲಸ ಕೆಟ್ಟಿತೆಂದೇ ಅರ್ಥ. ಆ ಹನಿಯೇ ಹಗ್ಗಕ್ಕೆ ತಂಪು, ಶಾಫ್ಟಿಗೆ ಜಾರು. ಅತಿಯಾಗಿ ಬಿಗಿದರೆ ಹಗ್ಗ ಸುಟ್ಟು, ಉಕ್ಕಿನಲ್ಲೇ ಗೀರು ಬೀಳುತ್ತದೆ. ಆಮೇಲೆ ಹೊಸ ಹಗ್ಗ ಎಷ್ಟು ಸುತ್ತಿದರೂ ನೀರು ನಿಲ್ಲದು. ಶಾಲೆ ಬಿಟ್ಟ ಕೈಗಳು ಗುಬ್ಬಿಯಲ್ಲೂ ಮಂಗಳೂರಿನಲ್ಲೂ ಈ ಹದವನ್ನು ಬೆರಳಿನಲ್ಲೇ ಇಟ್ಟುಕೊಂಡಿವೆ. ಇದನ್ನು ವಿದ್ಯೆ ಎನ್ನದೆ ಇನ್ನೇನೆನ್ನಬೇಕು?

ಎಂಜಿನ್ ಚಾಲೂ ಮಾಡಿದರು. ಕಾಲಡಿಯ ಹಲಗೆ ಅದುರಿತು. ಟಾರ್ಚಿನ ಬೆಳಕಿನಲ್ಲಿ ಹನಿ ಎಣಿಸಿದ ಮೆಕ್ಯಾನಿಕ್, ಹೆಚ್ಚಾಯಿತೆಂದು ತಲೆಯಾಡಿಸಿ ಸ್ಪ್ಯಾನರನ್ನು ಚಿಕ್ಕಪ್ಪನ ಕೈಗೇ ಇಟ್ಟರು. ಚಿಕ್ಕಪ್ಪ ಒಂದು ಬದಿಯ ನಟ್ಟು ತುಸು, ಇನ್ನೊಂದು ಬದಿಯದು ತುಸು, ಸಮನಾಗಿ ತಿರುಗಿಸಿದರು. ಗ್ಲಾಂಡಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. “ಸರಿ ಉಂಟು, ಸರಿ ಉಂಟು!” ಎಂದರು ಮೆಕ್ಯಾನಿಕ್. ಅಷ್ಟರಲ್ಲಿ ಆಚೆಯ ಬೋಟಿನಿಂದ ಕೂಗು ಬಂತು, ಅಲ್ಲೂ ಎಂಜಿನ್ ಎಣ್ಣೆ ಎಳೆಯುತ್ತಿಲ್ಲವಂತೆ. ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ, ಸ್ಪ್ಯಾನರ್ ಸಮೇತ ಮೆಕ್ಯಾನಿಕ್ ಹಿಂದೆಯೇ ಬೋಟಿನಿಂದ ಬೋಟಿಗೆ ದಾಟಿದರು.