ಬಸ್ಸಿಗೆ ಕಾಯುವುದೋ, ಟ್ಯಾಕ್ಸಿ ಹತ್ತುವುದೋ?

ಹೋಳಿ ಹುಣ್ಣಿಮೆಯ ನಂತರದ ಜಾತ್ರೆ. ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಹೊರಗೆ ಸಂಜೆ ಕಮಲಾಪುರದ ಕುಟುಂಬವೊಂದು ನಿಂತಿದೆ ಎಂದುಕೊಳ್ಳಿ. ಅಪ್ಪ, ಅವ್ವ, ಮೊಣಕಾಲು ನೋವಿನ ಆಯಿ, ಮರುದಿನ ಬೆಳಿಗ್ಗೆ ಪಿಯುಸಿ ಪರೀಕ್ಷೆ ಬರೆಯಬೇಕಾದ ಮಗಳು. ದರ್ಶನವಾಯಿತು, ಪ್ರಸಾದವೂ ಆಯಿತು. ಇನ್ನು ಊರು ಸೇರಬೇಕು. (ಪರೀಕ್ಷೆಯ ಹಿಂದಿನ ದಿನ ಜಾತ್ರೆಗೇಕೆ ಎನ್ನಬೇಡಿ, ಹರಕೆ ಆಯಿಯದು.)

"ಬಸ್ಸಿಗೇ ಹೋಗಮ್ರಿ, ಮೂರು ಮಂದಿಗಿ ಪುಕ್ಕಟೆ ಅದ" ಎನ್ನುತ್ತಾಳೆ ಅವ್ವ. ಲೆಕ್ಕ ತಪ್ಪಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹಣ ಕೊಡಬೇಕಿಲ್ಲ. ಟ್ಯಾಕ್ಸಿಗೆ ಒಬ್ಬರಿರಲಿ ನಾಲ್ವರಿರಲಿ, ಬಾಡಿಗೆ ಒಂದೇ. ಮೊದಲಾದರೆ ತಲೆಗಿಷ್ಟೆಂದು ಹಂಚಿಕೊಂಡು ಸಮಾಧಾನಪಡಬಹುದಿತ್ತು. ಈಗ ಅಪ್ಪನ ಒಂದು ಟಿಕೆಟ್ಟಿನ ಎದುರಿಗೆ ಪೂರ್ತಿ ಬಾಡಿಗೆಯನ್ನು ತೂಗಬೇಕು.

ಆದರೆ ಟಿಕೆಟ್ಟಿನಲ್ಲಿ ಅಚ್ಚಾಗದ ಖರ್ಚೊಂದಿದೆ: ಕಾಯುವುದು. ಗಂಟೆಗೆ ಮೂರು ಬಸ್ಸಿದ್ದರೆ ಸರಾಸರಿ 10 ನಿಮಿಷ ಕಾದರಾಯಿತೆಂದು ಮಕ್ಕಳು ಥಟ್ಟನೆ ಹೇಳಿಯಾರು. 20 ನಿಮಿಷಕ್ಕೊಂದರಂತೆ ಬಂದರೆ ಅದು ಸರಿ. ಅವೇ ಮೂರು ಬಸ್ಸು 5, 5 ಮತ್ತು 50 ನಿಮಿಷಗಳ ಅಂತರದಲ್ಲಿ ಬಂದರೆ? ಯಾವುದೋ ವೇಳೆಗೆ ನಿಲ್ದಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಸಿಕ್ಕಿಕೊಳ್ಳುವುದು ಆ 50 ನಿಮಿಷದೊಳಗೇ. ಅಂತರಗಳ ವರ್ಗಗಳನ್ನು ಕೂಡಿಸಿ, ಒಟ್ಟು ಸಮಯದ ಎರಡರಷ್ಟರಿಂದ ಭಾಗಿಸಿ ನೋಡಿ. 2550ನ್ನು 120ರಿಂದ ಭಾಗಿಸಿದರೆ 21 ನಿಮಿಷಕ್ಕೂ ಮಿಗಿಲು! ಬಸ್ಸು ಒಂದೂ ಕಡಿಮೆಯಾಗಿಲ್ಲ, ಕಾಯುವ ವೇಳೆ ಮಾತ್ರ ಇಮ್ಮಡಿಯಾಯಿತು. ವೇಳಾಪಟ್ಟಿಯನ್ನು ಜನ ನಂಬದಿದ್ದರೆ ಅವರನ್ನು ದೂರುವಂತಿಲ್ಲ.

ಆಯಿಗೆ ಈ ಗಣಿತ ಬೇಡ. ಕೇಂದ್ರ ಬಸ್ ನಿಲ್ದಾಣದವರೆಗೆ ಟಂಟಂ, ಅಲ್ಲಿ ಬಸ್ಸಿನ ಎತ್ತರದ ಮೆಟ್ಟಿಲು, ಜಾತ್ರೆಯ ನೂಕುನುಗ್ಗಲು, ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಲ್ಲುವುದು, ಕಮಲಾಪುರದಲ್ಲಿ ಇಳಿದು ಮತ್ತೆ ನಡಿಗೆ. ಆಕೆಯ ಮೊಣಕಾಲು ಎಣಿಸುವುದು ಇವನ್ನು. ಟ್ಯಾಕ್ಸಿಯಾದರೆ ಹತ್ತುವುದೊಮ್ಮೆ, ಇಳಿಯುವುದೊಮ್ಮೆ, ಅದೂ ಮನೆ ಬಾಗಿಲಲ್ಲಿ.

ಅಪ್ಪ ಜೇಬು ಮುಟ್ಟಿಕೊಳ್ಳುತ್ತಾನೆ. ಮುಂದಿನ ತಿಂಗಳು ಮಗಳ ಕಾಲೇಜಿನ ಖರ್ಚಿದೆ. ಅದು ಮಗಳಿಗೂ ಗೊತ್ತು.

"ಆಯಿಗೊಂದು ಸೀಟ್ ಸಿಕ್ಕರ ಸಾಕಪ್ಪಾ, ನಾ ನಿಂತ ಬರ್ತೀನಿ."

"ಅರ್ಧ ತಾಸು ನೋಡಮು. ಸೀಟ್ ಸಿಗಲಿಲ್ಲಂದ್ರ ಟ್ಯಾಕ್ಸಿ" ಎಂದು ಅಪ್ಪ ಟಂಟಮ್ಮಿಗೆ ಕೈ ಮಾಡುತ್ತಾನೆ.