ಸಂಕದಾಚೆಯ ದಾರಿ

ಮಲೆನಾಡಿನ ಅಂಚಿನಲ್ಲಿರುವ ನಮ್ಮ ಊರನ್ನು ಒಂದು ಹಳ್ಳ ಎರಡಾಗಿ ಸೀಳಿದೆ. ಬೇಸಗೆಯಲ್ಲಿ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿದು ಅದನ್ನು ದಾಟುತ್ತಾರೆ. ಆಷಾಢದ ಮಳೆ ಹಿಡಿಯಿತೆಂದರೆ ಅದೇ ಹಳ್ಳ ಕೆಂಪಗೆ ಉಕ್ಕಿ ಮೊರೆಯುತ್ತದೆ. ಅಡಕೆಯ ಮರಗಳನ್ನು ಜೋಡಿಸಿ ಬಿಗಿದ ಕಾಲುಸಂಕವೊಂದೇ ಬಹುಕಾಲ ಆಚೆಯ ಕೇರಿಯವರಿಗೆ ಆಸರೆಯಾಗಿತ್ತು. ವಾಹನಗಳು ಹೋಗುವ ಸೇತುವೆಯನ್ನು ಸೇರಬೇಕಾದರೆ ನಾಲ್ಕು ಕಿಲೋಮೀಟರು ಸುತ್ತಬೇಕಾಗಿತ್ತು.

1989ರ ಮಳೆಗಾಲ. ನಾನಾಗ ಹೊಸದಾಗಿ ಈ ಊರಿಗೆ ಬಂದ ಉಪಾಧ್ಯಾಯ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಎಲ್ಲರೆದುರು ಅವಳನ್ನು ನಿಲ್ಲಿಸಿ ಸೋಮಾರಿಯೆಂದು ಜರೆದೆ. ಅವಳು ಮರುನುಡಿಯಲಿಲ್ಲ; ಕೆಸರು ಮೆತ್ತಿದ ತನ್ನ ಲಂಗದ ಅಂಚನ್ನೇ ನೋಡುತ್ತ ನಿಂತಳು. ಕೆಲವು ದಿನಗಳ ತರುವಾಯ ಕಾರ್ಯನಿಮಿತ್ತವಾಗಿ ಆ ಕೇರಿಗೆ ಹೊರಟೆ. ಸಂಕದ ನಡುವೆ ಬಂದಾಗ ಕೆಳಗಿನ ನೀರನ್ನು ಕಂಡು ತಲೆ ತಿರುಗಿತು. ಉಳಿದ ದೂರವನ್ನು ನಾನು ಕುಳಿತುಕೊಂಡೇ ತೆವಳಿದೆ! ಮರುವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ. ಅವಳಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ಮತ್ತೆ ಒದಗಲಿಲ್ಲ.

ನಿವೃತ್ತನಾದ ಮೇಲೆ, 2022ರಲ್ಲಿ, ಹಳ್ಳಕ್ಕೆ ಕಾಲುಸೇತುವೆಯನ್ನೂ ಅದರಿಂದ ಶಾಲೆಯವರೆಗೆ ಕಾಲುದಾರಿಯನ್ನೂ ನಿರ್ಮಿಸುವ ವಿಷಯ ನಮ್ಮ ಪುರಸಭೆಯ ಮುಂದೆ ಬಂದಿತು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. "ವಾಹನ ಹೋಗದ ಸೇತುವೆಗೆ ಇಷ್ಟು ಹಣವೇಕೆ?" ಎಂದರು ಒಬ್ಬ ಸದಸ್ಯರು. "ಸೇತುವೆ ಈಗ ಆಗಲಿ, ದಾರಿಯನ್ನು ಮುಂದೆ ನೋಡೋಣ" ಎಂದರು ಇನ್ನೊಬ್ಬರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕುಡಿಯುವ ನೀರು, ಚರಂಡಿ, ದೀಪ ಎಲ್ಲಕ್ಕೂ ಇದ್ದುದು ಒಂದೇ ಬೊಕ್ಕಸ. ಆದರೆ 1992ರ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿಮಾಡಿದಾಗ ರಸ್ತೆ ಮತ್ತು ಸೇತುವೆಗಳನ್ನೂ ಅವುಗಳಲ್ಲಿ ಸೇರಿಸಿತು. ರಸ್ತೆಯೆಂದರೆ ಗಾಲಿಗಳಿಗೆ ಮಾತ್ರ ಮೀಸಲೆಂದು ಅಲ್ಲಿ ಹೇಳಿಲ್ಲ.

ಅಧ್ಯಕ್ಷರ ಅನುಮತಿ ಪಡೆದು ನಾನು ಎದ್ದುನಿಂತೆ. ಆ ಹುಡುಗಿಯ ಕಥೆಯನ್ನೂ ನನ್ನ ತೆವಳಾಟವನ್ನೂ ಮುಚ್ಚಿಡದೆ ಹೇಳಿದೆ. ನಾನು ಅವಳನ್ನು ಜರೆದ ಆ ವರ್ಷವೇ, ಸುಳ್ಯದ ಬಳಿಯ ಅರಂಬೂರಿನಲ್ಲಿ ಗಿರೀಶ ಭಾರದ್ವಾಜರು ಪಯಸ್ವಿನಿ ಹೊಳೆಗೆ ತಮ್ಮ ಮೊದಲ ತೂಗುಸೇತುವೆಯನ್ನು ಕಟ್ಟಿದ್ದರು. ಮುಂದೆ ಅವರು ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ನಿರ್ಮಿಸಿದರು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. ಅಷ್ಟೂ ಸೇತುವೆಗಳು ನಡೆಯುವವರಿಗಾಗಿಯೇ ಆದವು ಎಂದು ನೆನಪಿಸಿದೆ. ಕೊನೆಯಲ್ಲಿ ಇಷ್ಟು ಬೇಡಿದೆ: "ದಾರಿಯಿಲ್ಲದ ಸೇತುವೆ ಕೆಸರಿನಲ್ಲಿ ಮುಗಿಯುತ್ತದೆ. ಎರಡನ್ನೂ ಒಂದೇ ಕಾಮಗಾರಿಯಾಗಿ ಮಾಡಿ. ಮೆಟ್ಟಿಲುಗಳ ಬದಲು ಇಳಿಜಾರು ಇರಲಿ. ಹನ್ನೆರಡು ಅಡಿ ಸಾಗುವಲ್ಲಿ ಒಂದು ಅಡಿಗಿಂತ ಹೆಚ್ಚು ಏರದಿದ್ದರೆ ಗಾಲಿಕುರ್ಚಿಯೂ ಸಾಗೀತು. ಇಬ್ಬರು ಎದುರುಬದುರಾಗಿ ಬಂದರೆ ಯಾರೂ ಕೆಸರಿಗಿಳಿಯದಷ್ಟು ಅಗಲವಿರಲಿ."

ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಂದು ತೀರ್ಮಾನವಾಗಲಿಲ್ಲ. ಎರಡು ಸಭೆಗಳ ಅನಂತರ, ಬಸ್ ನಿಲ್ದಾಣದೆದುರಿನ ಸ್ವಾಗತ ಕಮಾನನ್ನು ಮುಂದೂಡಿ, ಸೇತುವೆಗೂ ದಾರಿಗೂ ಒಟ್ಟಿಗೆ ಒಪ್ಪಿಗೆ ದೊರೆಯಿತು.

2024ರ ಜೂನ್ ತಿಂಗಳಿನಲ್ಲಿ, ಮಳೆ ಬಿರುಸಾಗಿದ್ದ ಒಂದು ಮುಂಜಾನೆ, ಕೊಡೆ ಹಿಡಿದು ಆ ಸೇತುವೆಯ ಬಳಿ ನಿಂತೆ. ಹಳ್ಳ ಎಂದಿನಂತೆ ಉಕ್ಕುತ್ತಿತ್ತು. ಮಕ್ಕಳು ಅದರತ್ತ ತಿರುಗಿಯೂ ನೋಡದೆ, ಮಗ್ಗಿ ಹೇಳಿಕೊಳ್ಳುತ್ತ, ತಮ್ಮತಮ್ಮಲ್ಲೇ ಜಗಳವಾಡುತ್ತ ದಾಟಿಹೋದರು. ನನಗೆ ಆ ಹಳೆಯ ಹಾಜರಿ ಪುಸ್ತಕ ನೆನಪಾಯಿತು. ಅಂದು ಗೈರುಹಾಜರಾಗಿದ್ದುದು ಆ ಹುಡುಗಿಯಲ್ಲ, ನಾವು ಅವಳಿಗೆ ಕೊಡಬೇಕಾಗಿದ್ದ ದಾರಿ.