ಯಾವ ರಿನ್ಯೂ?

ಅಡವಿಟ್ಟ ಬಳೆಯ ಬಗ್ಗೆ ನಮ್ಮ ಅತ್ತೆಗೆ ಮೊನ್ನೆ ನೋಟೀಸು ಬಂತು. ಪೂರ್ತಿ ಮಲಯಾಳದಲ್ಲಿ. ಪಕ್ಕದ ಮನೆಯ ಮಲಯಾಳಿ ಹುಡುಗಿ ಓದಿ, ‘ಪುದುಕ್ಕಣಂ ಅಂತ ಉಂಟು ಅತ್ತೆ, ರಿನ್ಯೂ ಮಾಡಬೇಕಂತೆ’ ಎಂದಳು. ಅತ್ತೆಗೆ ನಿರಾಳವಾಯಿತು. ಮಗನ ಎಂಪ್ಲಾಯ್‌ಮೆಂಟ್ ಕಾರ್ಡನ್ನು ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಿದವರು ಅವರು. ಅದೇ ಧೈರ್ಯದಲ್ಲಿ ಚೀಟಿಯೊಂದನ್ನೇ ಹಿಡಿದು ಬದಿಯಡ್ಕದ ಬಸ್ಸು ಹತ್ತಿದರು. ಕೌಂಟರಿನಲ್ಲಿ ವರ್ಷದ ಬಡ್ಡಿ ಕೇಳಿದಾಗ ಪರ್ಸಿನಲ್ಲಿದ್ದದ್ದು ಬಸ್ಸಿನ ಚಿಲ್ಲರೆ.

ಕಾರ್ಡು ರಿನ್ಯೂ ಮಾಡಿದರೆ ಹಳೆಯ ಸೀನಿಯಾರಿಟಿ ಉಳಿಯುತ್ತದೆ, ಕೈಯಿಂದ ದುಡ್ಡು ಹೋಗುವುದಿಲ್ಲ. ಅಡವು ರಿನ್ಯೂ ಎಂದರೆ ಬಡ್ಡಿ ಕಟ್ಟಿ ಅದೇ ಬಳೆಯನ್ನು ಮತ್ತೆ ಅಡವಿಡುವುದು. ಅಸಲು ಹಾಗೆಯೇ ಕುಳಿತಿರುತ್ತದೆ, ತಪ್ಪಿದರೆ ಹರಾಜು. ಡ್ರೈವಿಂಗ್ ಲೈಸನ್ಸಿನದು ಇನ್ನೊಂದು ಲೆಕ್ಕ: ಅವಧಿ ಮುಗಿದು ವರ್ಷ ದಾಟಿತೋ, ಮತ್ತೆ ಗಾಡಿ ಓಡಿಸಿ ತೋರಿಸಬೇಕು. ಇಷ್ಟಕ್ಕೂ ಒಂದೇ ರಿನ್ಯೂ, ಒಂದೇ ಪುದುಕ್ಕಲ್. ಯಾವುದರಲ್ಲಿ ಏನು ಕಳೆದುಕೊಳ್ಳುತ್ತೇವೆ ಎಂಬುದೆಲ್ಲ ಕೆಳಗಿನ ಸಣ್ಣ ಅಕ್ಷರದಲ್ಲಿರುತ್ತದೆ. ಆ ಅಕ್ಷರವೇ ನಮ್ಮ ಹಿರಿಯರಿಗೆ ಓದಲು ಬಾರದು.

2025ರಲ್ಲಿ ಮಧೂರು ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶ, ಮೂಡಪ್ಪ ಸೇವೆ ನಡೆದಾಗ ಇಂಥ ಗೊಂದಲ ಯಾರಿಗೂ ಆಗಲಿಲ್ಲ. ಏನು ಹೊಸತಾಗಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಕಾಗದದ ನವೀಕರಣ ಹಾಗೆ ಕಾಣುವುದಿಲ್ಲವಲ್ಲ.

ಆ ಹುಡುಗಿಯ ವಿಷಯ ಹೇಳಲೇಬೇಕು. ಮರುದಿನ ತಾನೇ ಅತ್ತೆಯ ಜೊತೆ ಹೋಗಿ, ಸಾಲಿನಲ್ಲಿ ನಿಂತು, ಕಟ್ಟಬೇಕಾದ ಮೊತ್ತವನ್ನೂ ಮುಂದಿನ ಗಡುವನ್ನೂ ನೋಟೀಸಿನ ಬೆನ್ನಿಗೆ ಕನ್ನಡದಲ್ಲಿ ಬರೆದುಕೊಟ್ಟಳು. ಶಾಲೆಯಲ್ಲಿ ಕನ್ನಡ ಕಲಿತವಳಲ್ಲ; ನಮ್ಮ ಜಗಲಿಯಲ್ಲಿ ಆಡುತ್ತ ಅಕ್ಷರ ಹೆಕ್ಕಿಕೊಂಡವಳು. ‘ಗಡುವು’ ಎಂಬಲ್ಲಿ ಡಕಾರ ಸ್ವಲ್ಪ ವಾಲಿದೆ, ಆದರೂ ನನಗೆ ಅದಕ್ಕಿಂತ ಚೆಂದದ ಕನ್ನಡ ಈಚೆಗೆ ಕಂಡಿಲ್ಲ. ನಾಳೆ ಅವಳು ಮದುವೆಯಾಗಿ ಪಯ್ಯನ್ನೂರಿಗೆ ಹೋದರೆ ಈ ಕೆಲಸ ಯಾರು ಮಾಡಬೇಕು? ಕಚೇರಿ ಮಾಡಬೇಕಾದದ್ದನ್ನು ನೆರೆಮನೆಯ ಪ್ರೀತಿಯ ಮೇಲೆ ಹೊರಿಸಿ ಎಷ್ಟು ವರ್ಷ ನಡೆಸುವುದು?

ಜಿಲ್ಲಾಧಿಕಾರಿಗೆ ಅರ್ಜಿ ಬರೆದಿದ್ದೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಹಂಚುವ ಪ್ರತಿ ನವೀಕರಣ ನೋಟೀಸಿನಲ್ಲೂ ಎಷ್ಟು ಕಟ್ಟಬೇಕು, ಯಾವಾಗ, ತಪ್ಪಿದರೆ ಏನು ಎಂಬುದು ಕನ್ನಡದಲ್ಲೂ ಇರಲಿ ಎಂದು. ಸಂವಿಧಾನದ 350ನೇ ವಿಧಿ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಹೇಳಿಕೊಳ್ಳಲು ಬಿಡುತ್ತದೆ. ಹಾಗಾಗಿ ಕನ್ನಡದಲ್ಲೇ ಬರೆದಿದ್ದೇನೆ, ಉತ್ತರವೂ ಕನ್ನಡದಲ್ಲೇ ಬೇಕೆಂದು ಕೇಳಿದ್ದೇನೆ.